ಹೋಮಿ ಭಾಭಾ ಮತ್ತು ಆ ಐದು ಮೈಲಿ

ಹೋದ ಸೆಮಿಸ್ಟರ್ ರಜೆ ಮುಗಿಸಿ ಇಳಕಲ್‌ನಿಂದ ಬರ್ತಿದ್ದ ಗೆಳೆಯ ಫೋನ್ ಮಾಡಿ, ಬಸ್ ಸ್ಟ್ಯಾಂಡಿನಲ್ಲಿ ಇಳಿದೀನಿ, ಲಗೇಜ್ ಭಾಳ ಐತಿ, ಗಾಡಿ ತರಬೇಕು ಅಂತ ಹೇಳಿದ. ನಾವು ಓಕೆ ಅಂದ್ವಿ. ಫೋನ್ ಇಟ್ವಿ. ನವನಗರ ಬಸ್ ಸ್ಟ್ಯಾಂಡಿನಲ್ಲಿ ಮುಕ್ಕಾಲು ತಾಸು ನಿಂತ್ವಿ, ಅವನ ಸುಳಿವೇ ಇಲ್ಲ. ಅವ ಹಳೇ ಬಾಗಲಕೋಟೆ ಸ್ಟ್ಯಾಂಡಿನಲ್ಲಿ ಇಳಿದು, ಚಾರ್ಜ್ ಮುಗಿದ ಫೋನ್ ಹಿಡ್ಕೊಂಡು ನಮ್ಮನ್ನ ಬೈತಾ ಕೂತಿದ್ದ. ಎರಡು ಸ್ಟ್ಯಾಂಡ್ ಇರೋ ಊರಲ್ಲಿ ಯಾವುದು ಅಂತ ಅವ ಹೇಳಲಿಲ್ಲ, ನಾವು ಕೇಳಲಿಲ್ಲ. ಆದ್ರೆ ಫೋನ್ ಇಡುವಾಗ ಇಬ್ಬರಿಗೂ ವಿಷಯ ಪೂರಾ ಅರ್ಥ ಆಗಿದೆ ಅಂತಲೇ ಅನಿಸಿತ್ತು.

ಇದನ್ನ ಯಾಕೆ ಹೇಳ್ತಿದೀವಿ ಅಂದ್ರೆ, ಅದೇ ವಾರ ಹಾಸ್ಟೆಲ್ ಗ್ರೂಪಿನಲ್ಲಿ ಒಂದು ವಿಡಿಯೋ ಬಂದಿತ್ತು. ಹೋಮಿ ಭಾಭಾ ಅವರ ವಿಮಾನಕ್ಕೆ ಅಮೆರಿಕದ ಸಿಐಎ ಬಾಂಬ್ ಇಟ್ಟಿತ್ತು ಅನ್ನೋ ವಿಡಿಯೋ. ನೀವೂ ನೋಡಿರ್ತೀರಿ, ಹಿನ್ನೆಲೆ ಮ್ಯೂಸಿಕ್ ಜೋರಾಗಿರುತ್ತೆ. ನಾವೂ ಮೊದಲು ನಂಬಿದ್ವಿ, ಫಾರ್ವರ್ಡ್ ಕೂಡ ಮಾಡಿದ್ವಿ. ಆಮೇಲೆ ಫ್ರಾನ್ಸಿನ ತನಿಖಾ ಆಯೋಗ ಏನು ಹೇಳಿದೆ ಅಂತ ಹುಡುಕಿ ಓದಿದಾಗ ಬಸ್ ಸ್ಟ್ಯಾಂಡಿನ ಕಥೆ ನೆನಪಾಯ್ತು. ಆ ಸಾವಿನ ಬಗ್ಗೆ ಬರೆಯೋಣ ಅಂತ ಕೂತ್ರೆ ಆ ಮನುಷ್ಯನ ಬದುಕೇ ನಮ್ಮನ್ನ ಹಿಡಿದು ಕೂರಿಸ್ತು. ಅದಕ್ಕೆ ಎರಡನ್ನೂ ಬರೀತಿದೀವಿ. ನಾವು ಓದಿದ್ದು ಇಂಗ್ಲಿಷ್ ಮೀಡಿಯಂ. ಕಾಗುಣಿತ ತಪ್ಪಿದ್ದಲ್ಲಿ ಕ್ಲಬ್ಬಿನ ಸೀನಿಯರ್ಸ್ ತಿದ್ದಿರ್ತಾರೆ ಅನ್ನೋ ನಂಬಿಕೆ.

ಹೋಮಿ ಜಹಾಂಗೀರ್ ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಪಾರ್ಸಿ ಮನೆತನದಲ್ಲಿ. ಪಠ್ಯಪುಸ್ತಕದಲ್ಲಿ ಇಷ್ಟು ಇರುತ್ತೆ. ಇಲ್ಲದಿರೋದು ಏನಂದ್ರೆ, ಅವರ ಅಜ್ಜ ಹೊರ್ಮುಸ್‌ಜಿ ಭಾಭಾ ನಮ್ಮ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಬೆಳೆದದ್ದು ಬೆಂಗಳೂರಿನಲ್ಲಿ. ಸೋದರತ್ತೆ ಮೆಹರ್‌ಬಾಯಿ ಮದುವೆಯಾದದ್ದು ದೊರಾಬ್‌ಜಿ ಟಾಟಾ ಅವರನ್ನ. ಅಂದ್ರೆ ಹುಡುಗ ಹುಟ್ಟೋ ಹೊತ್ತಿಗೇ ಮುಂದೆ ಏನಾಗಬೇಕು ಅನ್ನೋದು ಹೆಚ್ಚುಕಮ್ಮಿ ತೀರ್ಮಾನ ಆಗಿತ್ತು ಅನ್ನಬಹುದು. ಇಂಗ್ಲೆಂಡಿನಲ್ಲಿ ಇಂಜಿನಿಯರಿಂಗ್ ಓದಬೇಕು, ವಾಪಸ್ ಬಂದು ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಬೇಕು.

1927ರಲ್ಲಿ ಕೇಂಬ್ರಿಜ್‌ಗೆ ಹೋದರು, ಬ್ರಾಂಚ್ ಮೆಕ್ಯಾನಿಕಲ್. ಮರುವರ್ಷವೇ ಮನಸ್ಸು ತಿರುಗಿತು. ಆಗ ಕೇಂಬ್ರಿಜ್‌ನಲ್ಲಿ ರುದರ್‌ಫೋರ್ಡ್ ಇದ್ದರು, ಡಿರಾಕ್ ಇದ್ದರು. ಭೌತಶಾಸ್ತ್ರ ಅಲ್ಲಿ ದಿನದಿನಕ್ಕೆ ಬದಲಾಗ್ತಿತ್ತು. 1928ರಲ್ಲಿ ಭಾಭಾ ಅಪ್ಪನಿಗೆ ಒಂದು ಕಾಗದ ಬರೆದರು. ಇಂಜಿನಿಯರ್ ಆಗಿ ದುಡಿಯೋದು ತನ್ನ ಸ್ವಭಾವಕ್ಕೆ ಒಗ್ಗೋದಿಲ್ಲ, ದೊಡ್ಡ ಕಂಪನಿಯ ಯಜಮಾನ ಆಗೋ ಆಸೆಯೂ ಇಲ್ಲ, ಭೌತಶಾಸ್ತ್ರವೇ ತನ್ನ ದಾರಿ, ಅದನ್ನೇ ಮಾಡ್ತೀನಿ ಅನ್ನೋದು ಕಾಗದದ ಸಾರ. ಬರೆದಾಗ ಅವರಿಗೆ ಹದಿನೆಂಟು ವರ್ಷ. ನಮಗೀಗ ಹತ್ತೊಂಬತ್ತು. ನಮ್ಮ ಕ್ಲಾಸಿನಲ್ಲಿ ಇಂಥ ಕಾಗದ ಮನಸ್ಸಿನಲ್ಲೇ ಬರೆದು ಹರಿದು ಹಾಕಿದವರು ಎಷ್ಟು ಮಂದಿ ಇದ್ದಾರೆ ಅಂತ ನಮಗೆ ಗೊತ್ತು, ಹೆಸರು ಹೇಳೋದಿಲ್ಲ.

ಅಪ್ಪ ಬೈಯಲಿಲ್ಲ, ಹಾಗಂತ ಒಪ್ಪಲೂ ಇಲ್ಲ. ಒಂದು ಕರಾರು ಹಾಕಿದರು. ಮೊದಲು ಮೆಕ್ಯಾನಿಕಲ್ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬರಲಿ, ಆಮೇಲೆ ಗಣಿತ ಓದೋಕೆ ಅಲ್ಲೇ ಉಳಿಯಲಿ, ಖರ್ಚು ತನ್ನದು. ಈ ಕರಾರು ನಮಗೆ ಭಾಳ ಹಿಡಿಸ್ತು. ಯಾಕಂದ್ರೆ ಇಬ್ಬರೂ ಏನು ಬೇಕು ಅನ್ನೋದನ್ನ ಬಿಡಿಸಿ ಹೇಳಿದ್ರು, ಇಬ್ಬರಿಗೂ ಒಂದೇ ಅರ್ಥ ಆಯ್ತು. 1930ರಲ್ಲಿ ಮೆಕ್ಯಾನಿಕಲ್ ಫಸ್ಟ್ ಕ್ಲಾಸ್ ಬಂತು. 1932ರಲ್ಲಿ ಗಣಿತದಲ್ಲೂ ಫಸ್ಟ್ ಕ್ಲಾಸ್. 1935ರಲ್ಲಿ ಪಿಎಚ್‌ಡಿ. ಇಷ್ಟವಿಲ್ಲದ ಬ್ರಾಂಚಿನಲ್ಲಿ ಫಸ್ಟ್ ಕ್ಲಾಸ್ ತೆಗೆದು ಆಮೇಲೆ ಬಿಟ್ಟವರು ಅನ್ನೋದನ್ನ ಮೋಟಿವೇಷನ್ ವಿಡಿಯೋದವರು ಯಾಕೋ ಹೇಳೋದೇ ಇಲ್ಲ.

ಅವರ ಸಂಶೋಧನೆಯನ್ನ ನಾವು ಪೂರಾ ವಿವರಿಸೋಕೆ ಹೋಗಲ್ಲ, ನಮಗೂ ಅಷ್ಟು ಬರಲ್ಲ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಒಂದಕ್ಕೊಂದು ತಾಗಿ ಚದುರೋದನ್ನ ಲೆಕ್ಕ ಹಾಕಿದರು. ಅದಕ್ಕೆ ಇವತ್ತಿಗೂ ಭಾಭಾ ಸ್ಕ್ಯಾಟರಿಂಗ್ ಅಂತಲೇ ಹೆಸರು, ಇವತ್ತಿನ ಕೊಲೈಡರ್ ಯಂತ್ರಗಳಲ್ಲೂ ಡಿಕ್ಕಿಗಳ ಪ್ರಮಾಣ ಅಳೆಯೋಕೆ ಅದನ್ನೇ ಬಳಸ್ತಾರೆ. 1937ರಲ್ಲಿ ಹೈಟ್ಲರ್ ಜೊತೆ ಸೇರಿ, ಆಕಾಶದಿಂದ ಬರೋ ಒಂದು ಕಾಸ್ಮಿಕ್ ಕಣ ಗಾಳಿಗೆ ಬಡಿದು ಹೇಗೆ ಸಾವಿರಾರು ಕಣಗಳ ಮಳೆ ಆಗುತ್ತೆ ಅಂತ ತೋರಿಸಿದರು.

1939ರಲ್ಲಿ ರಜೆಗೆ ಅಂತ ಊರಿಗೆ ಬಂದರು. ಯುದ್ಧ ಶುರುವಾಯ್ತು, ವಾಪಸ್ ಹೋಗೋ ದಾರಿ ಮುಚ್ಚಿತು. ಹೀಗೆ ಸಿಕ್ಕಿಹಾಕಿಕೊಂಡ ಮನುಷ್ಯ ಬಂದು ಸೇರಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಾವೆಲ್ಲ ಟಾಟಾ ಇನ್ಸ್ಟಿಟ್ಯೂಟ್ ಅಂತೀವಲ್ಲ, ಅಲ್ಲಿಗೆ. ಸಂಸ್ಥೆ ಹುಟ್ಟಿದ್ದೂ 1909ರಲ್ಲೇ, ಭಾಭಾ ಅವರ ಓರಗೆಯದು. ಭೌತಶಾಸ್ತ್ರ ವಿಭಾಗದಲ್ಲಿ ಸಿ. ವಿ. ರಾಮನ್ ಇದ್ದರು. ಭಾಭಾ ರೀಡರ್ ಆಗಿ ಸೇರಿ ಕಾಸ್ಮಿಕ್ ಕಿರಣಗಳ ಸಂಶೋಧನೆಗೆ ಒಂದು ಘಟಕ ಕಟ್ಟಿದರು. ವಿಕ್ರಮ್ ಸಾರಾಭಾಯಿ ಕೂಡ ಆಗ ಅಲ್ಲೇ ಇದ್ದರು. ರಾಕೆಟ್ ಬಾಯ್ಸ್ ಸೀರೀಸ್ ನೋಡಿದವರಿಗೆ ಇಬ್ಬರ ಗೆಳೆತನ ಗೊತ್ತು. ಆದ್ರೆ ಸೀರೀಸ್ ನೋಡಿ ಇತಿಹಾಸ ಬರೀಬಾರದು ಅಂತ ಇದನ್ನ ಬರೆಯುವಾಗ ಕಲಿತ್ವಿ.

ಬೆಂಗಳೂರಿನ ಆ ಐದಾರು ವರ್ಷ ನಮಗೆ ಮುಖ್ಯ ಅನಿಸುತ್ತೆ. ಕಾಗದದ ಮೇಲೆ ಲೆಕ್ಕ ಹಾಕ್ತಿದ್ದ ಮನುಷ್ಯ ಇಲ್ಲಿ ಉಪಕರಣ ಕಟ್ಟೋಕೆ ಕೈ ಹಾಕಿದರು. ಯುದ್ಧಕಾಲದಲ್ಲಿ ಬೆಂಗಳೂರಿಗೆ ಬರ್ತಿದ್ದ ಅಮೆರಿಕದ ಸೇನಾ ವಿಮಾನಗಳಲ್ಲಿ ತಮ್ಮ ಉಪಕರಣ ಕಳಿಸಿ ಎತ್ತರದಲ್ಲಿ ಕಣಗಳ ಎಣಿಕೆ ಮಾಡಿಸಿದರು. ಮೇಲೆ ಹೋದಂತೆ ಎಣಿಕೆ ಎಷ್ಟು ಬದಲಾಗುತ್ತೆ ಅನ್ನೋದೇ ಅಲ್ಲಿನ ಪ್ರಶ್ನೆ, ಹಾಗಾಗಿ ವಿಮಾನ ಯಾವ ಎತ್ತರದಲ್ಲಿದೆ ಅನ್ನೋ ಅಂಕಿ ತಪ್ಪಿದ್ರೆ ಪ್ರಯೋಗವೇ ತಪ್ಪು. ಮೆಕ್ಯಾನಿಕಲ್ ಓದಿದ್ದು ವ್ಯರ್ಥ ಆಗಲಿಲ್ಲ ಬಿಡ್ರಿ. 1941ರಲ್ಲಿ, ಮೂವತ್ತೊಂದನೇ ವಯಸ್ಸಿಗೆ, ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಜೊತೆಗೆ ಚಿತ್ರ ಬರೀತಿದ್ದರು, ಪಾಶ್ಚಾತ್ಯ ಸಂಗೀತ ಕೇಳ್ತಿದ್ದರು. ರಾಮನ್ ಅವರು ಭಾಭಾರನ್ನ ಲಿಯೊನಾರ್ಡೋ ಡಾ ವಿಂಚಿಗೆ ಹೋಲಿಸಿ ಪರಿಚಯ ಮಾಡಿಸಿದ್ದರಂತೆ. ರಾಮನ್ ಸುಮ್ಮಸುಮ್ಮನೆ ಯಾರನ್ನೂ ಹೊಗಳ್ತಿದ್ದವರಲ್ಲ.

ಬೆಂಗಳೂರಿನಲ್ಲಿ ಇರುವಾಗಲೇ, 1944ರ ಮಾರ್ಚ್‌ನಲ್ಲಿ, ಅವರು ಟಾಟಾ ಟ್ರಸ್ಟಿಗೆ ಒಂದು ಪತ್ರ ಬರೆದರು. ಇನ್ನು ಕೆಲವು ದಶಕಗಳಲ್ಲಿ ಅಣುಶಕ್ತಿಯಿಂದ ವಿದ್ಯುತ್ ಮಾಡೋ ಕಾಲ ಬರುತ್ತೆ, ಆಗ ಭಾರತ ತಜ್ಞರಿಗಾಗಿ ಹೊರದೇಶದ ಕಡೆ ನೋಡಬಾರದು, ಆದ್ದರಿಂದ ಈಗಲೇ ಒಂದು ಸಂಶೋಧನಾ ಸಂಸ್ಥೆ ಬೇಕು ಅನ್ನೋದು ಪತ್ರದ ತಿರುಳು. ಹಿರೋಶಿಮಾ ಆಗೋಕೆ ಇನ್ನೂ ಒಂದೂವರೆ ವರ್ಷ ಇತ್ತು ಅನ್ನೋದು ನೆನಪಿರಲಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದ್ರೆ ಟಿಐಎಫ್‌ಆರ್, 1945ರ ಜೂನ್‌ನಲ್ಲಿ ಕೆಲಸ ಶುರು ಮಾಡಿದ್ದು ಬೆಂಗಳೂರಿನ ಆ ಕ್ಯಾಂಪಸ್ಸಿನಲ್ಲೇ. ಅದೇ ವರ್ಷದ ಕೊನೆಗೆ ಮುಂಬಯಿಗೆ ಹೋಯ್ತು.

ಮುಂದಿನದು ಎಲ್ಲರಿಗೂ ಗೊತ್ತಿರೋದೇ, ಬೇಗ ಹೇಳಿ ಮುಗಿಸ್ತೀವಿ. 1948ರಲ್ಲಿ ಅಣುಶಕ್ತಿ ಆಯೋಗ, ಅಧ್ಯಕ್ಷರು ಭಾಭಾ. 1954ರಲ್ಲಿ ಟ್ರಾಂಬೆಯ ಕೇಂದ್ರ. 1956ರ ಆಗಸ್ಟ್ 4ರಂದು ಅಪ್ಸರಾ ರಿಯಾಕ್ಟರ್ ಚಾಲೂ ಆಯ್ತು. ಯುರೇನಿಯಂನಿಂದ ಶುರು ಮಾಡಿ ಕೊನೆಗೆ ನಮ್ಮಲ್ಲಿ ಬೇಕಾದಷ್ಟು ಇರೋ ಥೋರಿಯಂ ತನಕ ಹೋಗುವ ಮೂರು ಹಂತದ ಯೋಜನೆ ಅವರದ್ದೇ. ಕಾಳಿ ನದಿ ದಂಡೆಯ ಕೈಗಾ ಸ್ಥಾವರ ಆ ಮೊದಲ ಹಂತಕ್ಕೆ ಸೇರಿದ್ದು. ಕರ್ನಾಟಕದ ಜೊತೆ ಇನ್ನೊಂದು ನಂಟೂ ಉಳೀತು. ಕಾಸ್ಮಿಕ್ ಕಣಗಳನ್ನ ಮೇಲೆ ಹೋಗಿ ಎಣಿಸಿದ್ದಾಯ್ತು, ಇನ್ನು ನೆಲದ ಒಳಗೆ ಎಣಿಸಬೇಕು ಅಂತ ನಂಜನಗೂಡು ಕಡೆಯ ಹುಡುಗ ಬಿ. ವಿ. ಶ್ರೀಕಂಠನ್ ಅವರನ್ನ ಕೋಲಾರದ ಚಿನ್ನದ ಗಣಿಗೆ ಇಳಿಸಿದರು. 1965ರಲ್ಲಿ ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗಿಂತ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಸಿಕ್ತು. ಜಗತ್ತಿನಲ್ಲೇ ಮೊದಲ ಸಲ ಕಂಡವರಲ್ಲಿ ಆ ತಂಡವೂ ಒಂದು.

ಕಟ್ಟಡ ಕಟ್ಟುವಾಗ ಮರ ಅಡ್ಡ ಬಂದ್ರೆ ಕಡಿಯೋಕೆ ಬಿಡ್ತಿರಲಿಲ್ಲ, ಬೇರು ಸಮೇತ ಕಿತ್ತು ಬೇರೆ ಕಡೆ ನೆಡಿಸ್ತಿದ್ದರು. ನವನಗರದವರಿಗೆ ಇದನ್ನ ಓದಿದ್ರೆ ಏನೋ ಅನಿಸುತ್ತೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಈ ಸೆಕ್ಟರ್‌ಗಳಿಗೆ ಬಂದ ಮನೆಗಳ ಅಜ್ಜಿಯರು ಇವತ್ತಿಗೂ ಹಳೇ ಮನೆ ಮುಂದಿನ ಬೇವಿನ ಮರದ ಮಾತು ಆಡ್ತಾರೆ.

ಈಗ ಆ ದಿನಕ್ಕೆ ಬರೋಣ.

1966ರ ಜನವರಿ ದೇಶಕ್ಕೆ ಕೆಟ್ಟ ತಿಂಗಳು. 11ರಂದು ಲಾಲ್ ಬಹಾದುರ್ ಶಾಸ್ತ್ರಿ ತಾಷ್ಕೆಂಟ್‌ನಲ್ಲಿ ತೀರಿಕೊಂಡರು. ಭಾಭಾ ಅವರು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಭೆಗೆ ಅಂತ ವಿಯೆನ್ನಾಗೆ ಹೊರಟಿದ್ದರು. ಹತ್ತಿದ್ದು ಏರ್ ಇಂಡಿಯಾದ 101ನೇ ಫ್ಲೈಟ್, ಕಾಂಚನಜುಂಗಾ ಅನ್ನೋ ಹೆಸರಿನ ಬೋಯಿಂಗ್ 707. ಮುಂಬಯಿಯಿಂದ ದೆಹಲಿ, ಬೈರೂತ್, ಜಿನೀವಾ, ಕೊನೆಗೆ ಲಂಡನ್. ಜಿನೀವಾ ಅವರಿಗೆ ಹೊಸದಲ್ಲ. 1955ರಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆಯ ಬಗ್ಗೆ ವಿಶ್ವಸಂಸ್ಥೆ ನಡೆಸಿದ ಮೊದಲ ಸಮ್ಮೇಳನ ಅಲ್ಲೇ ಆಗಿತ್ತು, ಅಧ್ಯಕ್ಷ ಪೀಠದಲ್ಲಿ ಕೂತಿದ್ದವರು ಭಾಭಾ.

ಬೈರೂತ್ ಬಿಡುವಾಗಲೇ ವಿಮಾನದ ಒಂದು ವಿಒಆರ್ ರಿಸೀವರ್ ಕೆಲಸ ಮಾಡ್ತಿರಲಿಲ್ಲ. ನೆಲದ ಮೇಲಿನ ಕೇಂದ್ರಗಳಿಂದ ಬರೋ ರೇಡಿಯೋ ಸಿಗ್ನಲ್ ಹಿಡಿದು ಆ ಕೇಂದ್ರದಿಂದ ನಾವು ಯಾವ ದಿಕ್ಕಿನಲ್ಲಿದ್ದೀವಿ ಅಂತ ತಿಳಿಸೋ ಉಪಕರಣ ಅದು. ಎರಡು ಇದ್ದಾಗ ಎರಡು ಗೆರೆ ಒಂದನ್ನೊಂದು ಕತ್ತರಿಸೋ ಜಾಗ ನೋಡಿ ಸ್ಥಾನ ಬೇಗ ಗೊತ್ತಾಗುತ್ತೆ. ಒಂದೇ ಇದ್ದಾಗ ಅಂದಾಜಿನ ಪಾಲು ಹೆಚ್ಚು. 24ರ ಬೆಳಿಗ್ಗೆ ವಿಮಾನ ಆಲ್ಪ್ಸ್ ಮೇಲೆ ಬಂತು, 19,000 ಅಡಿ ಎತ್ತರ. ಮುಂದೆ ಮಾಂಟ್ ಬ್ಲಾಂಕ್ ಶಿಖರ, 4,807 ಮೀಟರ್, ಅಂದ್ರೆ ಸುಮಾರು 15,770 ಅಡಿ. ಅದನ್ನ ದಾಟಿದ ಮೇಲೆ ಜಿನೀವಾಕ್ಕೆ ಇಳಿಯಬೇಕು.

ಜಿನೀವಾದ ಕಂಟ್ರೋಲರ್ ಕೊಟ್ಟ ಅನುಮತಿಗೆ ಒಂದು ಷರತ್ತು ಇತ್ತು. 19,000 ಅಡಿಯಲ್ಲೇ ಇರಬೇಕು. ಮೋಡಗಳಿಗಿಂತ ಸಾವಿರ ಅಡಿ ಮೇಲೆ, ಸುತ್ತ ಎಲ್ಲಾ ಕಣ್ಣಿಗೆ ಕಾಣುವಂತೆ ಹಾರೋಕೆ ಆಗೋದಾದ್ರೆ ಮಾತ್ರ ಇನ್ನೂ ಇಳಿಯಬಹುದು. ಪೈಲಟ್ ಒಪ್ಪಿದರು, ಜೊತೆಗೆ ತಾವು ಮಾಂಟ್ ಬ್ಲಾಂಕಿನ ಪಕ್ಕಕ್ಕೆ ಬಂದಿದ್ದೀವಿ ಅಂತ ಹೇಳಿದರು. ಇದು ತಪ್ಪು ಲೆಕ್ಕ. ವಿಮಾನ ಇನ್ನೂ ಅಲ್ಲಿಗೆ ಬಂದಿರಲಿಲ್ಲ.

ಇಲ್ಲಿ ಗಮನಿಸಬೇಕಾದ ವಿಷಯ ಅಂದ್ರೆ, ಕಂಟ್ರೋಲರ್ ಆ ತಪ್ಪನ್ನ ಹಿಡಿದರು. ಅವರ ಮುಂದೆ ರಾಡಾರ್ ಇತ್ತು, ವಿಮಾನ ನಿಜವಾಗಿ ಎಲ್ಲಿದೆ ಅನ್ನೋದು ಕಾಣ್ತಿತ್ತು. ಸುಮ್ಮನೆ ಬಿಡದೆ ತಿದ್ದಿಯೂ ತಿದ್ದಿದರು. ಮಾಂಟ್ ಬ್ಲಾಂಕ್‌ಗೆ ಐದು ಮೈಲಿ ಇದೆ ಅನ್ನೋ ಅರ್ಥದ ಒಂದು ಪುಟ್ಟ ವಾಕ್ಯ ಇಂಗ್ಲಿಷಿನಲ್ಲಿ ಹೇಳಿದರು. ಪೈಲಟ್ ರೋಜರ್ ಅಂದರು. 19,000 ಅಡಿಯಿಂದ ಇಳಿಯೋಕೆ ಶುರು ಮಾಡಿದರು.

ಕಂಟ್ರೋಲರ್ ಮನಸ್ಸಿನಲ್ಲಿ ಇದ್ದದ್ದು ಇದು: ಶಿಖರ ಇನ್ನೂ ನಿಮ್ಮ ಮುಂದಿದೆ, ಐದು ಮೈಲಿ ಹೋಗಬೇಕು. ಪೈಲಟ್ ಮನಸ್ಸಿನಲ್ಲಿ ಶಿಖರ ಆಗಲೇ ಪಕ್ಕಕ್ಕೆ ಬಂದಾಗಿತ್ತು, ಅದರ ಸಾಲನ್ನ ದಾಟಿಯೂ ಆಗಿತ್ತು. ಆ ಚಿತ್ರದ ಒಳಗೂ ಐದು ಮೈಲಿ ಅನ್ನೋ ಸಂಖ್ಯೆ ಆರಾಮಾಗಿ ಕೂತುಬಿಡುತ್ತೆ. ಪಕ್ಕದಲ್ಲಿ ಐದು ಮೈಲಿ ದೂರ ಅಂದ್ಕೊಂಡ್ರೆ ಆಯ್ತಲ್ಲ. ತಿದ್ದುಪಡಿ ಅಂತ ಹೇಳಿದ ಮಾತು ಕೇಳಿದವರಿಗೆ ತಿದ್ದುಪಡಿ ಅಂತ ಅನಿಸಲೇ ಇಲ್ಲ. ನಿಮ್ಮ ಸ್ಥಾನ ತಪ್ಪು, ಇಳಿಯಬೇಡಿ ಅನ್ನೋ ಮಾತು ಅದರಲ್ಲಿ ಇರಲಿಲ್ಲ. ಕನ್ನಡದಲ್ಲಿ ಆಗಿದ್ರೆ ಇನ್ನೂ ಅನ್ನೋ ಒಂದು ಪದ ತಾನಾಗೇ ಬಂದಿರ್ತಿತ್ತೇನೋ ಅಂತ ನಮಗೆ ಅನಿಸ್ತು. ಬಾದಾಮಿ ಬಸ್ಸಿನ ಕಂಡಕ್ಟರ್ ಊರಿಗೆ ಇನ್ನೂ ಐದು ಕಿಲೋಮೀಟರ್ ಐತಿ ಅಂದ್ರೆ ಊರು ದಾಟೇತಿ ಅಂತ ಯಾರೂ ತಿಳ್ಕೊಳಲ್ಲ. ಆದ್ರೆ ಆವತ್ತು ಮಾತಾಡಿದ್ದು ರೇಡಿಯೋದಲ್ಲಿ, ಇಂಗ್ಲಿಷಿನಲ್ಲಿ, ಅವಸರದಲ್ಲಿ. ಜೆಟ್ ವಿಮಾನಕ್ಕೆ ಐದು ಮೈಲಿ ಅಂದ್ರೆ ಹೆಚ್ಚುಕಮ್ಮಿ ಒಂದು ನಿಮಿಷ.

ಮತ್ತೆ ಆ ರೋಜರ್ ಪದ. ಸಿನಿಮಾ ನೋಡಿ ನಾವು ಅದಕ್ಕೆ ಸರಿ, ಅರ್ಥ ಆಯ್ತು ಅನ್ನೋ ಅರ್ಥ ಕೊಟ್ಟಿದೀವಿ. ವಿಮಾನದ ಭಾಷೆಯಲ್ಲಿ ಅದಕ್ಕಿರೋದು ನೀವು ಹೇಳಿದ್ದು ಪೂರಾ ಕೇಳಿಸಿತು ಅನ್ನೋ ಅರ್ಥ ಮಾತ್ರ. ವೈವಾದಲ್ಲಿ ನಾವು ಹೇಳೋ ಎಸ್ ಸರ್ ಇದ್ದಂಗೆ. ಎದುರಿಗೆ ಕೂತವರಿಗೆ ಅದರಿಂದ ಏನೂ ತಿಳಿಯಲ್ಲ, ಆದ್ರೆ ಇಬ್ಬರಿಗೂ ಸಮಾಧಾನ ಆಗಿಬಿಡುತ್ತೆ.

ವಿಮಾನ ಸುಮಾರು 4,750 ಮೀಟರ್ ಎತ್ತರದಲ್ಲಿ, ಶಿಖರದ ತುದಿಗಿಂತ ಅರವತ್ತು ಮೀಟರಿನಷ್ಟು ಕೆಳಗೆ, ಮಾಂಟ್ ಬ್ಲಾಂಕಿಗೆ ಬಡೀತು. 106 ಪ್ರಯಾಣಿಕರು, 11 ಸಿಬ್ಬಂದಿ, ಒಟ್ಟು 117 ಜನ. ಯಾರೂ ಉಳಿಯಲಿಲ್ಲ. ಭಾಭಾ ಅವರಿಗೆ 56 ವರ್ಷ. ಅದೇ ದಿನ ದೆಹಲಿಯಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗಿ ಪ್ರಮಾಣವಚನ ತಗೊಂಡರು. ಇನ್ನೊಂದು ವಿಷಯ ಓದಿ ನಮಗೆ ಮೈ ಜುಮ್ಮೆಂದಿತು. 1950ರ ನವೆಂಬರ್ 3ರಂದು ಏರ್ ಇಂಡಿಯಾದ್ದೇ ಮಲಬಾರ್ ಪ್ರಿನ್ಸೆಸ್ ಅನ್ನೋ ವಿಮಾನ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಬಿದ್ದಿತ್ತು, ಆಗ 48 ಜನ ಹೋಗಿದ್ದರು.

ಫ್ರಾನ್ಸಿನ ಆಯೋಗದ ಅಂತಿಮ ವರದಿ 1967ರಲ್ಲಿ ಬಂತು. ಕೆಟ್ಟ ವಿಒಆರ್, ಪೈಲಟ್ಟಿನ ತಪ್ಪು ಲೆಕ್ಕ, ಸಾಕಷ್ಟು ನಿಖರವಲ್ಲದ ಮಾತಿನಿಂದಾಗಿ ತಿದ್ದುಪಡಿ ತಪ್ಪಾಗಿ ಅರ್ಥವಾದದ್ದು, ಈ ಮೂರನ್ನೂ ಕೂಡಿಸಿ ಅದು ಕಾರಣ ಹೇಳಿತು. ಬಾಂಬಿನ ಮಾತು ಅದರ ತೀರ್ಮಾನದಲ್ಲಿ ಇಲ್ಲ. ಇದನ್ನ ಹೇಳಿದ್ರೆ ರೂಮಿನಲ್ಲಿ ಜಗಳ ಆಗುತ್ತೆ, ನಮಗೂ ಆಯ್ತು. ಅಷ್ಟು ದೊಡ್ಡ ಮನುಷ್ಯ ಒಂದು ಸಣ್ಣ ವಾಕ್ಯಕ್ಕೆ ಸತ್ತರು ಅನ್ನೋದನ್ನ ಒಪ್ಪೋಕೆ ಮನಸ್ಸು ಬರಲ್ಲ, ದೊಡ್ಡ ಸಾವಿಗೆ ದೊಡ್ಡ ಶತ್ರು ಬೇಕು ಅನಿಸುತ್ತೆ. ನಮಗೆ ಮಾತ್ರ ಬಾಂಬಿಗಿಂತ ಆ ವಾಕ್ಯವೇ ಹೆಚ್ಚು ಹೆದರಿಕೆ ಹುಟ್ಟಿಸ್ತು. ಬಾಂಬ್ ಇಡೋರು ಅಪರೂಪ. ಅಂಥ ವಾಕ್ಯ ನಾವು ದಿನಾ ಆಡ್ತೀವಿ.

ಅಷ್ಟಕ್ಕೇ ನಿಲ್ಲಲೂ ಇಲ್ಲ ನೋಡ್ರಿ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ರನ್‌ವೇ ಮೇಲೆ ಮಂಜಿನಲ್ಲಿ ಎರಡು ಜಂಬೋ ಜೆಟ್ ಡಿಕ್ಕಿ ಹೊಡೆದು 583 ಜನ ಸತ್ತರು. ಅಲ್ಲೂ ಟೇಕ್-ಆಫ್ ಅನ್ನೋ ಪದವನ್ನ ಒಬ್ಬರು ಒಂದು ಅರ್ಥದಲ್ಲಿ ಹೇಳಿದ್ದು, ಇನ್ನೊಬ್ಬರು ಬೇರೆ ಅರ್ಥದಲ್ಲಿ ಕೇಳಿಸ್ಕೊಂಡಿದ್ದು, ನಡುವೆ ಒಂದು ಓಕೆ. ಆಮೇಲೆ ನಿಯಮವೇ ಬದಲಾಯ್ತು. ಈಗ ಟೇಕ್-ಆಫ್ ಪದವನ್ನ ಹಾರೋಕೆ ಅನುಮತಿ ಕೊಡುವಾಗ ಅಥವಾ ಅದನ್ನ ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದ ಕಡೆ ಡಿಪಾರ್ಚರ್ ಅನ್ನಬೇಕು. ಅನುಮತಿ ಸಿಕ್ಕಾಗ ಬರೀ ರೋಜರ್ ಅಂದ್ರೆ ನಡೆಯಲ್ಲ, ಎತ್ತರ, ರನ್‌ವೇ ಎಲ್ಲಾ ಪೈಲಟ್ ತಿರುಗಿ ಒಪ್ಪಿಸಬೇಕು, ಕಂಟ್ರೋಲರ್ ಅದನ್ನ ಕೇಳಿ ತಪ್ಪಿದ್ರೆ ತಿದ್ದಬೇಕು. 1996ರ ನವೆಂಬರ್ 12ರಂದು ದೆಹಲಿ ಹತ್ತಿರ ಚರ್ಖಿ ದಾದ್ರಿ ಮೇಲೆ ಸೌದಿ ಮತ್ತು ಕಜಕ್ ವಿಮಾನಗಳು ಗಾಳಿಯಲ್ಲೇ ಡಿಕ್ಕಿಯಾಗಿ 349 ಜನ ಹೋದರು. ಕಜಕ್ ವಿಮಾನ ತನಗೆ ಕೊಟ್ಟ 15,000 ಅಡಿಗಿಂತ ಕೆಳಗೆ ಇಳಿದಿತ್ತು, ಸಿಬ್ಬಂದಿಯ ಇಂಗ್ಲಿಷ್ ಸಾಲದು ಅನ್ನೋ ಮಾತು ತನಿಖೆಯಲ್ಲಿ ಬಂತು. 2008ರಿಂದ ಅಂತರರಾಷ್ಟ್ರೀಯ ಹಾರಾಟದ ಪೈಲಟ್, ಕಂಟ್ರೋಲರ್‌ಗಳಿಗೆ ಇಂಗ್ಲಿಷಿನ ಪರೀಕ್ಷೆ ಕಡ್ಡಾಯ. ಗ್ರಾಮರ್ ಪರೀಕ್ಷೆ ಅಲ್ಲ ಅದು, ಎದುರಿನವರಿಗೆ ಅರ್ಥ ಆಗುತ್ತೋ ಇಲ್ಲವೋ ಅನ್ನೋ ಪರೀಕ್ಷೆ. ಅದನ್ನ ನಮ್ಮ ಕ್ಲಾಸಿಗೆ ಇಟ್ರೆ ಎಷ್ಟು ಮಂದಿ ಪಾಸ್ ಆಗ್ತೀವಿ ಅನ್ನೋದು ಅನುಮಾನ.

ಭಾಭಾ ಹೋದ ಮರುವರ್ಷ ಟ್ರಾಂಬೆ ಕೇಂದ್ರಕ್ಕೆ ಅವರ ಹೆಸರು ಇಟ್ಟರು, ಅದೇ ಇವತ್ತಿನ ಬಾರ್ಕ್. ಮಾಂಟ್ ಬ್ಲಾಂಕಿನ ಬೊಸ್ಸೋನ್ ಹಿಮನದಿ ಮಾತ್ರ ತನ್ನ ಪಾಡಿಗೆ ನಿಧಾನಕ್ಕೆ ಕೆಳಗೆ ಸರೀತಾ, ವಿಮಾನದ ಒಂದೊಂದೇ ವಸ್ತುವನ್ನ ಹೊರಗೆ ಹಾಕ್ತಾ ಬಂದಿದೆ. 2012ರಲ್ಲಿ ಭಾರತ ಸರ್ಕಾರದ ರಾಜತಾಂತ್ರಿಕ ಟಪಾಲಿನ ಒಂದು ಚೀಲ ಸಿಕ್ತು. ಮರುವರ್ಷ ಪಚ್ಚೆ ಹರಳುಗಳಿದ್ದ ಒಂದು ಪೆಟ್ಟಿಗೆ. 2020ರ ಬೇಸಿಗೆಯಲ್ಲಿ ಹಿಮ ಕರಗಿದಾಗ ಕೆಲವು ಭಾರತೀಯ ದಿನಪತ್ರಿಕೆಗಳು ಸಿಕ್ಕವು, 1966ರ ಜನವರಿಯವು, ಇಂದಿರಾ ಗಾಂಧಿ ಆಯ್ಕೆಯಾದ ಸುದ್ದಿ ಇದ್ದವು. ಐವತ್ನಾಲ್ಕು ವರ್ಷ ಮಂಜಿನಲ್ಲಿದ್ದು ಒದ್ದೆಯಾಗಿದ್ದವು, ಆದ್ರೆ ಅಕ್ಷರ ಓದೋಕೆ ಬರ್ತಿತ್ತು. ಸಿಕ್ಕವರು ಅವನ್ನ ಬಿಸಿಲಿಗೆ ಒಣಗಲು ಹಾಕಿದ್ದರು.